ಗೋಡೆಯ ಮೇಲೊಂದು ಪುಟ: ಮಾಹಿತಿ ಬರಹದ ಓದಿನ ಕುರಿತು ಓದುಗರ ಪ್ರಶ್ನೆಗಳು

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಶಿಕ್ಷಕರು ಹಾಗೂ ಪೋಷಕರು ಬರೆದ ಪತ್ರಗಳಲ್ಲಿ ಒಂದೇ ವಿಷಯಕ್ಕೆ ಸಂಬಂಧಿಸಿದ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಕಥೆ, ಪದ್ಯ, ನಾಟಕಗಳಲ್ಲದ ಬರಹವನ್ನು ಇಲ್ಲಿ ಮಾಹಿತಿ ಬರಹವೆಂದೂ, ಅದರಲ್ಲಿ ಕಾಣುವ ಶೀರ್ಷಿಕೆ, ಉಪಶೀರ್ಷಿಕೆ, ಚಿತ್ರದ ಅಡಿಬರಹ, ನಕ್ಷೆ, ಕೋಷ್ಟಕ, ಕಾಲರೇಖೆ, ಪರಿವಿಡಿ, ಪದಸೂಚಿ (ಯಾವ ಪದ ಯಾವ ಪುಟದಲ್ಲಿದೆ ಎಂದು ತಿಳಿಸುವ ಅಕಾರಾದಿ ಪಟ್ಟಿ) ಮೊದಲಾದವನ್ನು ಒಟ್ಟಾಗಿ ಪುಟದ ಅಂಗಗಳೆಂದೂ ಕರೆದಿದ್ದೇನೆ.

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 4 ಮತ್ತು 5ನೇ ತರಗತಿಗಳಿಗೆ ಪರಿಸರ ಅಧ್ಯಯನ ಬೋಧಿಸುತ್ತೇನೆ. ಮಕ್ಕಳು ಈ ಪಾಠಗಳನ್ನೂ ಕಥೆಯಂತೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಾರೆ. ಚಿತ್ರದ ಕೆಳಗಿನ ಸಾಲು, ಚೌಕಟ್ಟಿನೊಳಗಿನ ಮಾಹಿತಿ, ಕೋಷ್ಟಕ ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಪುಟದ ಅಂಗಗಳ ಹೆಸರು ಮತ್ತು ವ್ಯಾಖ್ಯೆಗಳಿರುವ ದೊಡ್ಡ ಚಾರ್ಟ್ ಬರೆಸಿ ತೂಗುಹಾಕಿದ್ದೇನೆ. ಈಗ ಎಲ್ಲರೂ ವ್ಯಾಖ್ಯೆಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ, ಆದರೆ ಓದುವ ರೀತಿ ಬದಲಾಗಿಲ್ಲ. ಏನು ಮಾಡಲಿ?
— ಶಿಕ್ಷಕಿ, ಹೊಳಲ್ಕೆರೆ ತಾಲ್ಲೂಕು

ಉತ್ತರ: ಅಡಿಬರಹವೆಂದರೆ ಚಿತ್ರದ ಕೆಳಗಿರುವ ವಿವರಣೆ ಎಂದು ಒಪ್ಪಿಸುವ ಮಗುವಿಗೆ ಆ ಅಡಿಬರಹವನ್ನು ಓದಲೇಬೇಕಾದ ಸಂದರ್ಭ ಇನ್ನೂ ಒದಗಿಲ್ಲ. ಚಾರ್ಟ್ ಮೊದಲು ಬಂದು ಅಗತ್ಯ ಆಮೇಲೆ ಬರಲಿ ಎಂದು ಕಾದರೆ ಅದು ಬರುವುದೇ ಇಲ್ಲ. ಆದ್ದರಿಂದ ಆ ಚಾರ್ಟನ್ನು ಸದ್ಯಕ್ಕೆ ಸುತ್ತಿಟ್ಟುಬಿಡಿ ಎಂಬುದು ನನ್ನ ಮೊದಲ ಸಲಹೆ.

ಎರಡು ಬಗೆಯ ಓದು ಬೇರೆ ಬೇರೆ ಎಂಬುದು ಮಕ್ಕಳ ಅನುಭವಕ್ಕೆ ಬರಬೇಕು. ಅದಕ್ಕೆ ನಿಮ್ಮ ಜಿಲ್ಲೆಯಲ್ಲಿಯೇ ಒಳ್ಳೆಯ ಸಾಮಗ್ರಿ ಇದೆ. ಒನಕೆ ಓಬವ್ವನ ಕಥೆಯನ್ನು ನಡುವಿನಿಂದ ಓದಲು ಹೇಳಿದರೆ ಮಕ್ಕಳೇ ತಕರಾರು ತೆಗೆಯುತ್ತಾರೆ, ಏಕೆಂದರೆ ಗಂಡ ಊಟಕ್ಕೆ ಬಂದದ್ದು, ಆಕೆ ನೀರಿಗೆ ಹೋದದ್ದು ಗೊತ್ತಿಲ್ಲದಿದ್ದರೆ ಒನಕೆಯ ಪೆಟ್ಟಿಗೆ ಅರ್ಥವಿಲ್ಲ. ಅದೇ ದಿನ ಚಿತ್ರದುರ್ಗದ ಕೋಟೆಯ ಬಗ್ಗೆ ಒಂದು ಪುಟದ ಮಾಹಿತಿ ಬರಹವನ್ನು ಕೊಟ್ಟು, ‘ಓಬವ್ವನ ಕಿಂಡಿ ಕೋಟೆಯ ಯಾವ ಭಾಗದಲ್ಲಿದೆ?’, ‘ಕೋಟೆ ಹೈದರಾಲಿಯ ವಶವಾದದ್ದು ಯಾವ ವರ್ಷ?’ ಎಂದು ಕೇಳಿ, ಪೂರ್ತಿ ಓದದೆ ಉತ್ತರ ಹುಡುಕಲು ಹೇಳಿ. ಮೊದಲನೆಯದಕ್ಕೆ ನಕ್ಷೆಯ ಕಡೆಗೂ, ಎರಡನೆಯದಕ್ಕೆ ‘ಕೋಟೆಯ ಪತನ’ ಎಂಬ ಉಪಶೀರ್ಷಿಕೆಯ ಕೆಳಗೂ ಹೋದವರು 1779 ಎಂಬ ಉತ್ತರವನ್ನು ಬೇಗ ಹಿಡಿಯುತ್ತಾರೆ. ಹೋಗದವರು ಇನ್ನೂ ಎರಡನೆಯ ಪ್ಯಾರಾದಲ್ಲಿ ಬೆರಳಿಟ್ಟುಕೊಂಡು ಕುಳಿತಿರುತ್ತಾರೆ. ಆ ವ್ಯತ್ಯಾಸವನ್ನು ಅವರೇ ಗಮನಿಸಲಿ.

ಇದಾದ ಮೇಲೆ ಗೋಡೆಯ ಕೆಲಸ ಆರಂಭವಾಗುತ್ತದೆ. ಒಂದು ಬಾರಿಗೆ ಒಂದೇ ಅಂಗವನ್ನು ತೆಗೆದುಕೊಳ್ಳಿ. ಒಂದಕ್ಕೆ ಒಂದು ವಾರವಾದರೂ ಬೇಕು. ಅಡಿಬರಹದಿಂದ ಶುರು ಮಾಡುವುದು ಸುಲಭ, ಏಕೆಂದರೆ ಚಿತ್ರವನ್ನು ಮಕ್ಕಳು ಹೇಗಿದ್ದರೂ ನೋಡುತ್ತಾರೆ. ಚಂದ್ರವಳ್ಳಿಯ ಕೆರೆಯ ಒಂದು ಚಿತ್ರವನ್ನು ಡ್ರಾಯಿಂಗ್ ಶೀಟಿಗೆ ಅಂಟಿಸಿ, ಅಡಿಬರಹವಿಲ್ಲದೆ ತೂಗುಹಾಕಿ. ಕೆಳಗೆ ಸಾಲು ಬರೆಯಲು ಹೇಳಿದರೆ ಹೆಚ್ಚಿನವರು ‘ಇದು ಕೆರೆ’, ‘ಕೆರೆಯಲ್ಲಿ ನೀರಿದೆ’ ಎಂದು ಬರೆಯುತ್ತಾರೆ. ಕಣ್ಣಿಗೆ ಕಾಣುವುದನ್ನು ಅಡಿಬರಹ ಮತ್ತೆ ಹೇಳಬೇಕಾಗಿಲ್ಲ, ಕಾಣದಿರುವುದನ್ನು ಹೇಳಬೇಕು ಎಂಬುದನ್ನು ಆಗ ತಿಳಿಸಿ. ‘ಚಂದ್ರವಳ್ಳಿಯ ಕೆರೆ. ಇದರ ಸಮೀಪದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ’ ಎಂದು ಬರೆದಾಗ ಅದೇ ಚಿತ್ರ ಬೇರೆಯಾಗಿ ಕಾಣುತ್ತದೆ. ಹಳೆಯ ಸಾಲನ್ನೂ ಹೊಸ ಸಾಲನ್ನೂ ಒಂದರ ಕೆಳಗೊಂದರಂತೆ ಗೋಡೆಯ ಮೇಲೆ ಉಳಿಸಿ. ಮುಂದಿನ ಮಗು ಅಡಿಬರಹ ಬರೆಯುವಾಗ ನೋಡಬೇಕಾದದ್ದು ವ್ಯಾಖ್ಯೆಯನ್ನಲ್ಲ, ಈ ಎರಡು ಸಾಲುಗಳ ನಡುವಿನ ಅಂತರವನ್ನು.

ಎಲ್ಲ ಅಂಗಗಳಿಗೂ ಇಷ್ಟು ಹೊತ್ತು ಬೇಕಿಲ್ಲ. ದಪ್ಪಕ್ಷರ, ಶೀರ್ಷಿಕೆಗಳನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ಉಪಶೀರ್ಷಿಕೆಗೆ, ಅದನ್ನು ಪ್ರಶ್ನೆಯಾಗಿ ಬದಲಿಸುವ ಒಂದು ಅಭ್ಯಾಸ ಸಾಕು. ‘ನೀರಿನ ಮೂಲಗಳು’ ಎಂದಿದ್ದರೆ ‘ನೀರು ಎಲ್ಲೆಲ್ಲಿಂದ ಬರುತ್ತದೆ?’ ಎಂದು ಕೇಳಿಕೊಂಡು ಮುಂದೆ ಓದಲಿ. ಆದರೆ ಕಾಲರೇಖೆಗೆ ಮಾತ್ರ ಗೋಡೆಯೇ ಬೇಕು, ಪುಸ್ತಕದ ಪುಟ ಸಾಲದು. ಹಿರಿಯೂರು ಬಳಿಯ ವಾಣಿವಿಲಾಸ ಸಾಗರವನ್ನೇ ನೋಡಿ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಮೊದಲ ಬಾರಿ ಕೋಡಿ ಬಿತ್ತು. ಎರಡನೆಯ ಬಾರಿ ಕೋಡಿ ಬಿದ್ದದ್ದು 2022ರಲ್ಲಿ. ಮೂರನೆಯ ಬಾರಿ 2025ರ ಆರಂಭದಲ್ಲಿ. ವಾಕ್ಯದಲ್ಲಿ ಓದಿದಾಗ ಇವು ನಾಲ್ಕು ಇಸವಿಗಳು, ಅಷ್ಟೆ. ಒಂದು ವರ್ಷಕ್ಕೆ ಒಂದು ಸೆಂಟಿಮೀಟರಿನಂತೆ ಹಗ್ಗವೊಂದನ್ನು ಗೋಡೆಗೆ ಕಟ್ಟಿ ಅದರ ಮೇಲೆ ಚೀಟಿಗಳನ್ನು ಸಿಕ್ಕಿಸಿ: ಮೊದಲ ಎರಡು ಚೀಟಿಗಳ ನಡುವೆ 26 ಸೆಂಟಿಮೀಟರ್, ಅಲ್ಲಿಂದ ಮುಂದಿನದಕ್ಕೆ 89 ಸೆಂಟಿಮೀಟರ್, ಕೊನೆಯ ಎರಡರ ನಡುವೆ ಕೇವಲ 3. ಆ ಉದ್ದನೆಯ ಖಾಲಿ ಹಗ್ಗದ ಮುಂದೆ ನಿಂತ ಮಕ್ಕಳು ‘ಇಷ್ಟು ವರ್ಷ ಕೆರೆ ಯಾಕೆ ತುಂಬಲಿಲ್ಲ?’ ಎಂದು ತಾವಾಗಿಯೇ ಕೇಳುತ್ತಾರೆ. ಬರಪೀಡಿತ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಇನ್ನೊಂದಿರಲಾರದು. ವಾಕ್ಯ ಮುಚ್ಚಿಡುವುದನ್ನು ಕಾಲರೇಖೆ ತೋರಿಸುತ್ತದೆ ಎಂದು ನೀವು ಬೇರೆಯಾಗಿ ಹೇಳಬೇಕಾಗುವುದಿಲ್ಲ.

ಹೀಗೆ ಆರೇಳು ಅಂಗಗಳಾದ ಮೇಲೆ ಸುತ್ತಿಟ್ಟ ಚಾರ್ಟನ್ನು ಹೊರತೆಗೆದು, ಅದರಲ್ಲಿನ ವ್ಯಾಖ್ಯೆಗಳ ಬದಲು ‘ಇದು ಎಲ್ಲಿದೆ?’, ‘ಯಾವಾಗ ಆಯಿತು?’, ‘ಇದರ ಒಳಗೆ ಏನಿದೆ?’, ‘ಯಾವುದು ಹೆಚ್ಚು, ಯಾವುದು ಕಡಿಮೆ?’ ಎಂಬ ಪ್ರಶ್ನೆಗಳನ್ನು ಬರೆಸಿ. ಎದುರಿಗೆ ಯಾವ ಅಂಗವನ್ನು ನೋಡಬೇಕೆಂಬುದನ್ನು ಮಕ್ಕಳೇ ತುಂಬಲಿ.

ಪ್ರಶ್ನೆ: ನಮ್ಮ ಶಾಲೆಯ ಪ್ರತಿ ಕೊಠಡಿಯ ನಾಲ್ಕೂ ಗೋಡೆಗಳಲ್ಲಿ ಚಾರ್ಟುಗಳಿವೆ. ಭೇಟಿಗೆ ಬರುವವರೆಲ್ಲರೂ ಮೆಚ್ಚುತ್ತಾರೆ. ಈಗ ಪುಟದ ಅಂಗಗಳ ಪ್ರದರ್ಶನಕ್ಕೆ ಜಾಗವೇ ಉಳಿದಿಲ್ಲ. ಹಳೆಯವನ್ನು ತೆಗೆದರೆ ಗೋಡೆ ಬರಿದಾಗಿದೆ ಎಂಬ ಆಕ್ಷೇಪ ಬರುವುದಿಲ್ಲವೆ?
— ಮುಖ್ಯ ಶಿಕ್ಷಕರು, ದಾವಣಗೆರೆ ನಗರ

ಉತ್ತರ: ಬರಬಹುದು, ಆದರೂ ತೆಗೆಯಿರಿ. 2014ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು ನಿಮ್ಮ ನೆರವಿಗೆ ಬರುತ್ತದೆ. ಶಿಶುವಿಹಾರದ 24 ಮಕ್ಕಳಿಗೆ ವಿಜ್ಞಾನದ ಆರು ಚಿಕ್ಕ ಪಾಠಗಳನ್ನು, ಕೆಲವನ್ನು ಪಾಠಕ್ಕೆ ಸಂಬಂಧವಿಲ್ಲದ ಚಿತ್ರಪಟಗಳಿಂದ ತುಂಬಿದ ಕೊಠಡಿಯಲ್ಲಿಯೂ ಕೆಲವನ್ನು ಬರಿಗೋಡೆಗಳ ಕೊಠಡಿಯಲ್ಲಿಯೂ ಕಲಿಸಲಾಯಿತು. ತುಂಬಿದ ಕೊಠಡಿಯಲ್ಲಿ ಮಕ್ಕಳ ಗಮನ ಪಾಠದಿಂದ ಶೇ. 38.6ರಷ್ಟು ಸಮಯ ಬೇರೆಡೆಗೆ ಹೋಗಿತ್ತು, ಬರಿದಾದ ಕೊಠಡಿಯಲ್ಲಿ ಶೇ. 28.4ರಷ್ಟು. ಪಾಠದ ನಂತರದ ಪರೀಕ್ಷೆಯಲ್ಲಿ ಸರಿಯುತ್ತರಗಳು ಕ್ರಮವಾಗಿ ಶೇ. 42 ಮತ್ತು ಶೇ. 55. ಚಿಕ್ಕ ಗುಂಪಿನ ಮೇಲೆ, ಐದರ ವಯಸ್ಸಿನ ಆಸುಪಾಸಿನ ಮಕ್ಕಳ ಮೇಲೆ ನಡೆದ ಅಧ್ಯಯನವಿದು. ಇದರಿಂದ ಗೋಡೆಗಳೆಲ್ಲ ಬೋಳಾಗಿರಬೇಕೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಗೋಡೆಯ ಮೇಲಿರುವುದು ಈಗ ನಡೆಯುತ್ತಿರುವ ಪಾಠಕ್ಕೆ ಸೇರಿದ್ದಾಗಿರಬೇಕು ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಚಿಕ್ಕ ತರಗತಿಗಳ ಮಕ್ಕಳ ಓದು-ಬರಹ ಮತ್ತು ಲೆಕ್ಕದ ಕಲಿಕೆಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮವು ತರಗತಿಯಲ್ಲಿ ಮುದ್ರಿತ ಅಕ್ಷರಗಳು ಹೇರಳವಾಗಿರಬೇಕೆಂದು ಆಶಿಸುತ್ತದೆ, ನಿಜ. ಆದರೆ ಯಾರೂ ಓದದ ಅಕ್ಷರ ಎಷ್ಟಿದ್ದರೂ ಅದನ್ನು ಹೇರಳವೆಂದು ಎಣಿಸುವಂತಿಲ್ಲ. ಒಂದು ಗೋಡೆಯನ್ನು ನಡೆಯುತ್ತಿರುವ ಪಾಠಕ್ಕೆ ಮೀಸಲಿಡಿ, ಪಾಠ ಮುಗಿದಾಗ ಹಾಳೆಗಳನ್ನು ಕೆಳಗಿಳಿಸಿ ಹೊಲಿದು ಪುಸ್ತಕವಾಗಿಸಿ ಓದುವ ಮೂಲೆಗೆ ಕಳುಹಿಸಿ. ಭೇಟಿಗೆ ಬಂದವರಿಗೆ ಆ ಪುಸ್ತಕವನ್ನೇ ತೋರಿಸಬಹುದು. ಇನ್ನು ಎತ್ತರದ ಮಾತು. ನಮ್ಮಲ್ಲಿ ಚಾರ್ಟುಗಳನ್ನು ಕಿಟಕಿಯ ಮೇಲಂಚಿಗಿಂತ ಎತ್ತರದಲ್ಲಿ, ದೊಡ್ಡವರ ಕಣ್ಣಿಗೆ ಬೀಳುವಂತೆ ತೂಗುಹಾಕುವ ರೂಢಿ ಏಕೆ ಬಂತೋ ತಿಳಿಯದು. ನಾಲ್ಕನೇ ತರಗತಿಯ ಮಗು ನಿಂತು ಬೆರಳಿಟ್ಟು ಓದುವಂತಿರಬೇಕು. ಸುಣ್ಣ ಅಥವಾ ಡಿಸ್ಟೆಂಪರ್ ಬಳಿದ ಗೋಡೆಗೆ ಸೆಲ್ಲೊಟೇಪ್ ಹಚ್ಚಿದರೆ ಕೀಳುವಾಗ ಬಣ್ಣದ ಪದರವೂ ಕಿತ್ತುಬರುತ್ತದೆ. ಎರಡು ಮೊಳೆಗಳ ನಡುವೆ ಹುರಿ ಕಟ್ಟಿ ಬಟ್ಟೆಯ ಕ್ಲಿಪ್ಪುಗಳಿಂದ ಹಾಳೆಗಳನ್ನು ಸಿಕ್ಕಿಸುವುದೇ ಮೇಲು, ಬದಲಿಸುವುದಕ್ಕೂ ಅನುಕೂಲ.

ಪ್ರಶ್ನೆ: ನಾನು ನಲಿ-ಕಲಿ ತರಗತಿಯ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಇನ್ನೂ ಕಾಗುಣಿತ ಕಲಿಯುತ್ತಿರುವವರಿಗೆ ಇದೆಲ್ಲ ಅತಿ ಬೇಗ ಆಯಿತೆನಿಸುವುದಿಲ್ಲವೆ?
— ಶಿಕ್ಷಕಿ, ಜಗಳೂರು ತಾಲ್ಲೂಕು

ಉತ್ತರ: ಮೊದಲು ಓದು ಬರಲಿ, ಮಾಹಿತಿ ಬರಹ ಆಮೇಲೆ ಬರಲಿ ಎಂಬ ಭಾವನೆ ಎಲ್ಲೆಡೆಯೂ ಇದೆ. ಅಮೆರಿಕದ ಸಂಶೋಧಕಿ ನೆಲ್ ಡ್ಯೂಕ್ ಅವರು ಒಂದನೇ ತರಗತಿಯ 20 ಕೊಠಡಿಗಳನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ಮಾಹಿತಿ ಬರಹಕ್ಕೆ ಸಿಗುತ್ತಿದ್ದದ್ದು ದಿನಕ್ಕೆ ಸರಾಸರಿ 3.6 ನಿಮಿಷ, ಗೋಡೆಗಳ ಮೇಲೂ ಅಂಥ ಬರಹ ತೀರ ಕಡಿಮೆ ಇತ್ತು. ಪುಸ್ತಕಗಳ ಕೊರತೆಯಿಲ್ಲದ ದೇಶದ ಸ್ಥಿತಿಯೇ ಹೀಗಿತ್ತು.

ನಿಮ್ಮ ಕೊಠಡಿಯಲ್ಲಿಯಾದರೋ ಈ ಕೆಲಸ ಆಗಲೇ ಅರ್ಧ ನಡೆದಿದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿಕೊಂಡ ನಲಿ-ಕಲಿಯ ಪದ್ಧತಿಯಲ್ಲಿ ಮಕ್ಕಳು ತಾವೇ ಗುರುತು ಹಾಕುವ ಹಾಜರಾತಿ ಪಟ್ಟಿ ಒಂದು ಕೋಷ್ಟಕವೇ ಆಗಿದೆ, ಹವಾಮಾನ ನಕ್ಷೆಯೂ ಹಾಗೆಯೇ. ಅವುಗಳನ್ನು ತುಂಬಿಸುವಲ್ಲಿಗೆ ನಾವು ನಿಲ್ಲಿಸಿಬಿಡುತ್ತೇವೆ, ಓದಿಸುವುದಿಲ್ಲ. ‘ಈ ತಿಂಗಳು ಮೋಡ ಕವಿದ ದಿನಗಳೆಷ್ಟು?’, ‘ಗುರುವಾರ ಯಾರು ಬರಲಿಲ್ಲ?’ ಎಂದು ದಿನವೂ ಒಂದು ಪ್ರಶ್ನೆ ಕೇಳಿದರೆ ಅಡ್ಡಸಾಲು, ಉದ್ದಸಾಲು ಕೂಡುವ ಜಾಗದಲ್ಲಿ ಉತ್ತರವಿರುತ್ತದೆ ಎಂಬುದನ್ನು ಒಂದನೇ ತರಗತಿಯ ಮಗುವೂ ಕಲಿಯುತ್ತದೆ.

ಭಾಗಗಳನ್ನು ಗುರುತಿಸಿದ ಚಿತ್ರಕ್ಕೂ ಇದು ಸರಿಯಾದ ವಯಸ್ಸು, ಏಕೆಂದರೆ ಅಲ್ಲಿ ಒಂದು ಬಾಣಕ್ಕೆ ಒಂದೇ ಪದ. ನಿಮ್ಮ ಸುತ್ತ ಮೆಕ್ಕೆಜೋಳದ ಹೊಲಗಳಿವೆ. ಒಂದು ಗಿಡವನ್ನು ಬೇರುಸಹಿತ ತಂದು ನಿಲ್ಲಿಸಿ, ದೊಡ್ಡ ಹಾಳೆಯಲ್ಲಿ ಅದನ್ನು ಬರೆಸಿ, ಬೇರು, ದಂಟು, ಎಲೆ, ತೆನೆ, ಸೂಲಂಗಿ ಎಂಬ ಚೀಟಿಗಳನ್ನು ಮಕ್ಕಳ ಕೈಯಿಂದ ಅಂಟಿಸಿ. ಮೂರನೇ ತರಗತಿಯವರಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು: ಸೂಲಂಗಿಯ ಪರಾಗ ಕೆಳಗಿನ ತೆನೆಯ ಕೂದಲಿನ ಮೇಲೆ ಬೀಳುತ್ತದೆ, ಒಂದೊಂದು ಕೂದಲೂ ಒಂದೊಂದು ಕಾಳಿಗೆ ಸೇರಿರುತ್ತದೆ ಎಂಬುದನ್ನು ಬಾಣಗಳಿಂದ ತೋರಿಸಲಿ. ತೆನೆ ಸುಲಿಯುವಾಗ ಆ ಕೂದಲನ್ನು ಕಿತ್ತೆಸೆದಿರುವ ಮಕ್ಕಳಿಗೆ ಇದು ಹೊಸ ವಿಷಯ. ಹಾಳೆಗಳನ್ನು ಕೊಠಡಿಯಲ್ಲಿ ತಲೆಯ ಮೇಲೆ ಕಟ್ಟಿದ ಹುರಿಗಳ ಚಪ್ಪರದಿಂದ ಇಳಿಬಿಡುವುದಾದರೆ ಅಕ್ಷರಗಳಿರುವ ಭಾಗ ಮಕ್ಕಳ ಕಣ್ಣಿನ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಮಗಳು ಖಾಸಗಿ ಶಾಲೆಯೊಂದರಲ್ಲಿ ಮೂರನೇ ತರಗತಿ ಓದುತ್ತಿದ್ದಾಳೆ. ಪುಟದ ಅಂಗಗಳ ಬಗ್ಗೆ ಚಾರ್ಟ್ ಮಾಡಿಕೊಂಡು ಬರಲು ಹೇಳಿದ್ದಾರೆ. ಅಂಗಡಿಯಲ್ಲಿ ಸಾಮಾನು ತಂದು ರಾತ್ರಿ ಹನ್ನೊಂದರವರೆಗೆ ಕುಳಿತು ಮಾಡುವವಳು ನಾನೇ. ಇದರಿಂದ ಅವಳಿಗೇನು ಪ್ರಯೋಜನ?
— ತಾಯಿ, ದಾವಣಗೆರೆ

ಉತ್ತರ: ಅವಳಿಗೆ ಪ್ರಯೋಜನವಿಲ್ಲ, ನಿಮಗೆ ಅಭ್ಯಾಸವಾಗುತ್ತದೆ. ಮುಂದಿನ ಸಲ ಮನೆಗೆ ಬರುವ ದಿನಪತ್ರಿಕೆಯನ್ನೂ ಕತ್ತರಿಯನ್ನೂ ಮಗಳ ಕೈಗೆ ಕೊಡಿ. ಒಂದು ಸುದ್ದಿಯ ಶೀರ್ಷಿಕೆ, ಉಪಶೀರ್ಷಿಕೆ, ಚಿತ್ರ, ಅಡಿಬರಹ, ಪಟ್ಟಿ ಎಲ್ಲವನ್ನೂ ಬೇರೆ ಬೇರೆಯಾಗಿ ಕತ್ತರಿಸಿ ಕಲಸಿ, ಮತ್ತೆ ಜೋಡಿಸಿ ಅಂಟಿಸಲಿ. ಯಾವ ಅಡಿಬರಹ ಯಾವ ಚಿತ್ರದ್ದು ಎಂದು ಹುಡುಕುವಾಗ ಅವಳು ಎರಡನ್ನೂ ಓದಲೇಬೇಕಾಗುತ್ತದೆ. ಇಲ್ಲವೇ ಭತ್ತ ಅಕ್ಕಿಯಾಗಿ, ಅಕ್ಕಿ ಬಿಸಿ ಮರಳಿನಲ್ಲಿ ಅರಳಿ ಮಂಡಕ್ಕಿಯಾಗುವ ಹಂತಗಳನ್ನು ಸಂಖ್ಯೆ ಮತ್ತು ಬಾಣಗಳೊಡನೆ ಬರೆಯಲಿ. ಊರಿನಲ್ಲಿ ಮಂಡಕ್ಕಿ ಭಟ್ಟಿಗಳಿವೆ, ಒಂದು ಸಂಜೆ ಕರೆದುಕೊಂಡು ಹೋಗಿ ತೋರಿಸಬಹುದು. ಚಾರ್ಟ್ ಸೊಟ್ಟಗಿದ್ದರೆ ಇರಲಿ. ಶಾಲೆಯವರು ಅಂದವಾಗಿರುವುದೇ ಬೇಕೆಂದರೆ, ಈ ಉತ್ತರವನ್ನು ಅವರಿಗೂ ಓದಲು ಕೊಡಿ.

ಪ್ರಶ್ನೆ: ಪರಿವಿಡಿಯನ್ನು ಪಠ್ಯಪುಸ್ತಕದಲ್ಲಿ ತೋರಿಸಬಹುದು, ಆದರೆ ಪದಸೂಚಿ ಇರುವ ಮಕ್ಕಳ ಪುಸ್ತಕ ನಮ್ಮ ಶಾಲೆಯಲ್ಲಿ ಒಂದೂ ಇಲ್ಲ. ಅದನ್ನು ಕಲಿಸುವುದು ಹೇಗೆ? ಜೊತೆಗೆ, ಮಕ್ಕಳೇ ಬರೆದು ಗೋಡೆಗೆ ಹಾಕಿದರೆ ತಪ್ಪುಗಳಿರುತ್ತವಲ್ಲ, ತಿದ್ದಬೇಕೆ ಬೇಡವೆ?
— ಶಿಕ್ಷಕರು, ಚನ್ನಗಿರಿ ತಾಲ್ಲೂಕು

ಉತ್ತರ: ಪುಸ್ತಕದಲ್ಲಿಲ್ಲದಿದ್ದರೆ ಗೋಡೆಗೇ ಒಂದು ಪದಸೂಚಿಯನ್ನು ಮಾಡಿಸಿ. ನಿಮ್ಮ ತಾಲ್ಲೂಕಿನ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ವಿಷಯವಾಗಿಟ್ಟುಕೊಂಡು ಹನ್ನೆರಡು ಹಾಳೆಗಳ ಪ್ರದರ್ಶನ ಸಿದ್ಧವಾಗಲಿ. ಪ್ರತಿ ಹಾಳೆಗೂ ಪುಟಸಂಖ್ಯೆ ಇರಲಿ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಪದಗಳು ಬಂದಲ್ಲೆಲ್ಲ ದಪ್ಪಕ್ಷರದಲ್ಲಿ ಬರೆಸಿ, ಕೊನೆಯ ಹಾಳೆಯಲ್ಲಿ ಅವುಗಳ ಅರ್ಥವೂ ಅವು ಬಂದಿರುವ ಪುಟಗಳ ಸಂಖ್ಯೆಯೂ ಬರಲಿ. ಈ ಪದಗಳನ್ನು ಕೆರೆಯಂಚಿನ ಹಳ್ಳಿಯ ಮಕ್ಕಳು ಮನೆಯಲ್ಲೇ ಕೇಳಿರುತ್ತಾರೆ, ಪೇಟೆಯ ಮಕ್ಕಳು ಕೇಳಿರುವುದಿಲ್ಲ. ಆದ್ದರಿಂದ ಅರ್ಥ ಬರೆಯುವ ಕೆಲಸವನ್ನು ಮೊದಲಿನವರಿಗೇ ಕೊಡಿ. ತೂಬನ್ನು ಕಣ್ಣಾರೆ ಕಂಡ ಮಗು ‘ಕೆರೆಯ ನೀರನ್ನು ಗದ್ದೆಗೆ ಬಿಡುವ ಬಾಗಿಲು’ ಎಂದು ಬರೆದರೆ ಅದಕ್ಕಿಂತ ಒಳ್ಳೆಯ ಅರ್ಥವನ್ನು ನಾವು ಬರೆಯಲಾರೆವು.

ಪದಸೂಚಿಯಲ್ಲಿ ನಿಜವಾದ ತೊಡಕು ಅಕಾರಾದಿ ಕ್ರಮದ್ದು. ವರ್ಣಮಾಲೆಯನ್ನು ನಿರರ್ಗಳವಾಗಿ ಹೇಳುವ ಮಕ್ಕಳಿಗೂ ಪದಗಳನ್ನು ಆ ಕ್ರಮದಲ್ಲಿ ಜೋಡಿಸಲು ಬರುವುದಿಲ್ಲ, ಏಕೆಂದರೆ ಕ್ರಮವಿರುವುದು ವರ್ಣಮಾಲೆಯಲ್ಲಿ ಮಾತ್ರವಲ್ಲ, ಕಾಗುಣಿತದಲ್ಲಿಯೂ ಇದೆ. ಕಾಲುವೆ, ಕೆರೆ, ಕೋಡಿ ಮೂರೂ ‘ಕ’ದಡಿಯಲ್ಲಿ ಬಂದರೂ ಅವುಗಳ ಹಿಂದುಮುಂದನ್ನು ನಿರ್ಧರಿಸುವುದು ಸ್ವರಚಿಹ್ನೆ. ಒತ್ತಕ್ಷರ ಬಂದರೆ ಅದು ಆ ವ್ಯಂಜನದ ಕಾಗುಣಿತವೆಲ್ಲ ಮುಗಿದ ಮೇಲೆ. ಹೀಗಾಗಿ ‘ಅಕಾಲ’ ಮೊದಲು, ‘ಅಕ್ಕಿ’ ಆಮೇಲೆ. ಗೋಡೆಯ ವರ್ಣಮಾಲೆಯ ಪಟದಲ್ಲಿ ‘ಕ್ಷ’ವನ್ನು ಕೊನೆಯಲ್ಲಿ ಕಂಡಿರುವ ಮಕ್ಕಳು ‘ಕ್ಷೇತ್ರ’ವನ್ನು ‘ಹ’ ಮತ್ತು ‘ಳ’ಗಳ ಆಚೆ ಹುಡುಕುತ್ತಾರೆ, ಅದು ‘ಕ’ದ ತುದಿಯಲ್ಲಿರುತ್ತದೆ. ವರ್ಣಮಾಲೆಯಲ್ಲಿ ಸ್ವರಗಳ ಕೊನೆಗೆ ಹೇಳುವ ‘ಅಂ’ ನಿಘಂಟುಗಳಲ್ಲಿ ಸಾಮಾನ್ಯವಾಗಿ ‘ಅ’ದ ಮೊದಲಿಗೇ ಬಂದುಬಿಡುತ್ತದೆ. ಇಷ್ಟನ್ನೂ ಒಂದೇ ದಿನ ಹೇಳಲು ಹೋಗಬೇಡಿ. ಪದಗಳನ್ನು ಚೀಟಿಗಳಲ್ಲಿ ಬರೆಸಿ, ಹುರಿಯ ಮೇಲೆ ಕ್ಲಿಪ್ಪಿನಿಂದ ಸಿಕ್ಕಿಸಿ, ಹೊಸ ಪದ ಬಂದಾಗಲೆಲ್ಲ ಅದರ ಜಾಗ ಯಾವುದೆಂದು ಮಕ್ಕಳು ವಾದಿಸಲಿ. ಬರೆದು ಅಂಟಿಸಿದ ಪಟ್ಟಿಯಲ್ಲಿ ಈ ವಾದಕ್ಕೆ ಅವಕಾಶವಿಲ್ಲ. ಐದನೇ ತರಗತಿಗಿಂತ ಮೊದಲು ಇದನ್ನು ಪೂರ್ತಿಯಾಗಿ ನಿರೀಕ್ಷಿಸುವುದು ಬೇಡ.

ತಪ್ಪುಗಳ ವಿಷಯ. ಕಾಗುಣಿತದ ತಪ್ಪನ್ನು ಪೆನ್ಸಿಲಿನ ಕರಡಿನಲ್ಲಿಯೇ ಮಗುವಿನೊಡನೆ ಕುಳಿತು ತಿದ್ದಿ. ಗೋಡೆಗೆ ಹೋಗುವ ಪ್ರತಿ ಶುದ್ಧವಾಗಿರಲಿ, ಏಕೆಂದರೆ ಉಳಿದ ಮಕ್ಕಳು ಅದನ್ನು ನೋಡಿಯೇ ಬರೆಯುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಸಂಗತಿಯ ತಪ್ಪು. ಸೂಳೆಕೆರೆಯ ಹಾಳೆಯಲ್ಲಿ ‘ಏಷ್ಯಾದ ಎರಡನೆಯ ದೊಡ್ಡ ಕೆರೆ’ ಎಂದು ಒಬ್ಬರಾದರೂ ಬರೆದೇ ಬರೆಯುತ್ತಾರೆ. ನಮ್ಮ ಭಾಗದಲ್ಲಿ ಎಲ್ಲರೂ ಹೇಳುವ ಮಾತದು. ಯಾವ ಅಳತೆಯಲ್ಲಿ ಎರಡನೆಯದು, ಮೊದಲನೆಯದು ಯಾವುದು, ಅಳೆದವರು ಯಾರು ಎಂದು ಕೇಳಿ. ಉತ್ತರ ಸಿಗುವವರೆಗೆ ಆ ಸಾಲು ‘ಎಂದು ಜನ ಹೇಳುತ್ತಾರೆ’ ಎಂಬ ಬಾಲದೊಂದಿಗೆ ಗೋಡೆಯ ಮೇಲಿರಲಿ. ಕಥೆಯಲ್ಲಿ ಬೇಡದ ಈ ಎಚ್ಚರ ಮಾಹಿತಿ ಬರಹದಲ್ಲಿ ಬೇಕೇ ಬೇಕು. ಚೌಕಟ್ಟಿನೊಳಗೆ ಅಚ್ಚುಕಟ್ಟಾಗಿ ಬರೆದದ್ದೆಲ್ಲ ನಿಜವೆಂದು ನಂಬುವ ಅಭ್ಯಾಸವನ್ನು ನಾವೇ ಹುಟ್ಟಿಸಬಾರದು.

ಪ್ರಶ್ನೆ: ಪುಟದ ಅಂಗಗಳನ್ನು ಮಕ್ಕಳು ಕಲಿತಿದ್ದಾರೆಂದು ತಿಳಿಯುವುದು ಹೇಗೆ? ಪರೀಕ್ಷೆಯಲ್ಲಿ ‘ಹೊಂದಿಸಿ ಬರೆಯಿರಿ’ ಕೊಟ್ಟರೆ ಎಲ್ಲರೂ ಸರಿಯಾಗಿ ಬರೆಯುತ್ತಾರೆ.
— ಶಿಕ್ಷಕರು, ಚಳ್ಳಕೆರೆ

ಉತ್ತರ: ಹೊಂದಿಸಿ ಬರೆಯುವುದರಿಂದ ಗೊತ್ತಾಗುವುದು ಹೆಸರುಗಳ ನೆನಪು. ಅದರ ಬದಲು, ಅವರು ಹಿಂದೆ ನೋಡಿರದ ಒಂದು ಪುಟವನ್ನು ಕೊಡಿ. ಬೀಜದ ಪೊಟ್ಟಣದ ಹಿಂಬದಿಯಾದರೂ ಆದೀತು, ನಿಮ್ಮೂರಿನಲ್ಲಿ ಶೇಂಗಾ ಬಿತ್ತನೆಯ ಕಾಲಕ್ಕೆ ಅವುಗಳಿಗೆ ಬರವಿಲ್ಲ. ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಕೇಳಿಸಿಕೊಳ್ಳುವ ಮೊದಲು ಮಗುವಿನ ಬೆರಳು ಪುಟದ ಯಾವ ಭಾಗಕ್ಕೆ ಹೋಯಿತೆಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳಿ. ಬಾಳಿಕೆಯ ಅವಧಿ ಕೇಳಿದಾಗ ಕೋಷ್ಟಕಕ್ಕೆ ನೇರವಾಗಿ ಹೋದವರು ಕಲಿತಿದ್ದಾರೆ. ಮೇಲಿನಿಂದ ಓದುತ್ತ ಬಂದು ಸರಿಯುತ್ತರ ಹೇಳಿದವರು ಇನ್ನೂ ಕಲಿತಿಲ್ಲ. ಅವರಿಗೆ ಗೋಡೆಯ ಮುಂದೆ ಇನ್ನೊಂದು ವಾರ ಕೊಡಿ. ಈ ಪರೀಕ್ಷೆ ನಡೆಯುವಾಗ ಪ್ರದರ್ಶನವನ್ನು ಬಟ್ಟೆಯಿಂದ ಮುಚ್ಚುವ ಅಗತ್ಯವಿಲ್ಲ. ಮಗು ತಲೆಯೆತ್ತಿ ಗೋಡೆಯನ್ನು ನೋಡಿ, ಮತ್ತೆ ಪುಟಕ್ಕೆ ಮರಳಿ ಸರಿಯಾದ ಜಾಗ ಹಿಡಿದರೆ ಅದಕ್ಕೂ ಪೂರ್ಣ ಅಂಕ ಕೊಡಬಹುದು.